ಸೂಜಿ

ಮೋರ್ಜಿಮ್ಮಿನ ಮೂರಂತಸ್ತಿನ ಹೋಟೆಲಿನಾಗ
ಬಾಗಲಾ ಬಡದು ನಾ ಗಟ್ಟಿಯಾಗಿ ಅನ್ನೂದು ಒಂದ ಮಾತು:
ಹೌಸ್‌ಕೀಪಿಂಗ್.
ಉತ್ತರ ಬರಲಿಲ್ಲಂದ್ರ
ಗಾಡಿ ಅಡ್ಡ ನಿಲ್ಲಿಸಿ ಒಳಗ ಹೋಗಿ
ಖಾಲಿ ಖೋಲಿಗೆ ಇಂಗ್ಲಿಷ್ ಕಲಿಸ್ತೀನಿ.

ಗುಡ್ ಮಾರ್ನಿಂಗ್ ಮೇಡಮ್, ಅಂತೀನಿ ದಿಂಬಿಗೆ.
ದಿಂಬು ಯಾರ ತಪ್ಪೂ ಹಿಡಿಯೂದಿಲ್ಲ.
ಹೌ ವಾಸ್ ಯುವರ್ ಸ್ಲೀಪ್, ಅಂತೀನಿ ಚಾದರಿಗೆ;
ಸುಕ್ಕು ನೋಡಿದ್ರ ತಿಳೀತದ
ನಿದ್ದಿ ಹೆಂಗಿತ್ತಂತ.

ಕನ್ನಡಿ ಮುಂದ ಮಾತ್ರ ನಾಲಿಗಿ ತಡೀತದ.
ಅಲ್ಲೊಬ್ಬಾಕಿ ನಿಂತಿರ್ತಾಳ, ರೋಣದಾಕಿ,
ಎದಿ ಮ್ಯಾಲ 'ರೇನಾ' ಅಂತ ಹಿತ್ತಾಳಿ ಚೀಟಿ.
ರೇಣವ್ವ ಅಂದ್ರ ಗೆಸ್ಟಿಗೆ ನಾಲಿಗಿ ಹೊರಳೂದಿಲ್ಲಂತ.
ಅವರ ನಾಲಿಗಿ ಹೊರಳದಿದ್ರ
ನನ್ನ ಹೆಸರು ಕತ್ತರಿಸ್ತಾರ;
ನನ್ನ ನಾಲಿಗಿ ಹೊರಳದಿದ್ರ
ನಾನ ತಲಿ ತಗ್ಗಿಸ್ತೀನಿ.
ಲೆಕ್ಕ ಎಲ್ಲೋ ತಪ್ಪೇದ.

ಮೊನ್ನೆ ಇನ್ನೂರಾ ಏಳರಾಗ
'ವಾಟರ್ ನಾಟ್ ಕಮಿಂಗ್! ಕಾಲ್ ಯುವರ್ ಮ್ಯಾನೇಜರ್!' ಅಂತ
ನಾನೇ ಗೆಸ್ಟು, ನಾನೇ ಬೈಸಿಕೊಳ್ಳಾಕಿ,
ಎರಡೂ ದನಿ ತಗದು ನಡಸಿದ್ದೆ ನಾಟಕ.
ಬಾಲ್ಕನಿ ಪರದೆ ಸರೀತು.
ಗಲೀನಾ, ರಷ್ಯಾದ ಮುದುಕಿ,
ಸಮುದ್ರದ ಸಪ್ಪಳಕ್ಕ ಬಾಗಲಾ ಕೇಳಿದ್ದಿಲ್ಲ.
ಕೈಯಾಗ ನೀಲಿ ಅಂಗಿ, ಮುಷ್ಟಿಯೊಳಗ ಒಂದು ಗುಂಡಿ.

ನೆಲ ಬಾಯಿ ಬಿಡಬೇಕಿತ್ತು.
ಬಿಡಲಿಲ್ಲ. ಟೈಲ್ಸಿನ ನೆಲ.

'ಪ್ಲೀಸ್... ಐ ನೀಡ್... ಸ್ಮಾಲ್...'
ಅಂದು ನಿಂತಳು.
ಆ ನಿಲ್ಲೂದು ನನಗ ಗೊತ್ತು.
ಬಾಯಿ ತೆರದು, ಕಣ್ಣು ಸೂರಿಗೇರಿಸಿ,
ಬಾವ್ಯಾಗ ಬಿದ್ದ ಕೊಡಕ್ಕ
ಪಾತಾಳಗರಡಿ ಇಳಿಸಿ ತಡಕಾಡಿದಂಗ.
ಇಷ್ಟು ದಿನ ಅದು ನಮ್ಮ ತಾಲೂಕಿಂದಷ್ಟ ಅಂತ ತಿಳಿದಿದ್ದೆ.

ಎರಡು ಬೆರಳು ಕೂಡಿಸಿ ಗಾಳಿಗೆ ಚುಚ್ಚಿ ಎಳದ್ಲು.
'ಸೂಜಿ!' ಅಂದೆ ನಾನು.
'ಇಗೋಲ್ಕಾ!' ಅಂದ್ಲು ಆಕಿ.
ಇಬ್ಬರಿಗೂ ಗೊತ್ತಿಲ್ಲದ ಇಂಗ್ಲಿಷು
ನಡುವ ಮಂಚದ ಮ್ಯಾಲ ಕೂತಿತ್ತು
ಚಾ ಬ್ಯಾಡ ಅಂದ ಬೀಗರಂಗ.

'ವೇಟ್,' ಅಂದೆ. 'ಐ ಹ್ಯಾವ್. ನಾಟ್ ಹಿಯರ್.
ಡೌನ್. ಐ ಕಮ್ ಫೈವ್ ಮಿನಿಟ್.'
ಒಂದರ ಹಿಂದ ಒಂದು ಬಂದ್ವು ಮಾತು,
ಸಾಲಿಗೆ ತಡಾಗಿ ಓಡೋ ಹುಡುಗರಂಗ,
ಗುಂಡಿ ಹಾಕಿಲ್ಲ, ತಲಿ ಬಾಚಿಲ್ಲ.
'ಓಕೆ,' ಅಂದ್ಲು. ಅಷ್ಟ.
ಯಾರೂ ನಗಲಿಲ್ಲ.

ಕೆಳಗ ಅನ್ಸೆಲ್ಮಾ ಬಾಯಿನ್ನ ಕೇಳಿದೆ.
'ನೀಡಲ್,' ಅಂದ್ಲು, ಲಾಂಡ್ರಿ ಲೆಕ್ಕದಿಂದ ತಲಿ ಎತ್ತದ.
ಮೆಟ್ಟಲಿಗೊಮ್ಮೆ ಅಂದುಕೋತ ಏರಿದೆ: ನೀಡಲ್, ನೀಡಲ್.
ಇನ್ನೊಂದು ರೊಟ್ಟಿ ನೀಡ್ಲಿ?
ಅಂತ ನಮ್ಮವ್ವ ಕೇಳಿದಂಗ.

ಆಕಿಗೆ ಕಣ್ಣು ಮಂಜು, ಗುಂಡಿ ನಾನ ಹಚ್ಚಿದೆ.
ದಾರದ ತುದಿ ನಾಲಿಗಿಗೆ ತೊಯಿಸಿ ಚೂಪು ಮಾಡಿದೆ.
ಈ ಕೆಲಸದಾಗ ಅದು ಎಂದೂ ತಡವರಿಸಿಲ್ಲ.
'ಹೌ ಸೇ?' ಸೂಜಿ ತೋರಿಸಿ ಕೇಳಿದ್ಲು ಆಕಿ.
ಕಲಿಸಿದೆ.
ಇಂಗ್ಲಿಷ್. ನಾನು!

ಮರುದಿನ ಕಾರಿಡಾರಿನಾಗ, ನಾಕು ಮಂದಿ ಕೇಳೂ ಹಂಗ,
'ಯೆಸ್ಟರ್ಡೇ ಐ ವಿಲ್ ಬ್ರಿಂಗ್ ಟವೆಲ್' ಅಂದೆ.
ನಿನ್ನೆ ನಾಳೆ ಅದಲುಬದಲಾಗಿತ್ತು.
ಟವೆಲ್ ಮಾತ್ರ
ಇವತ್ತ ಮುಟ್ಟಿತು.