ಠರಾವು ಪುಸ್ತಕದಾಗ ಬರೀಲಾರದ್ದು

ಮಂಗಳವಾರ ರಾತ್ರಿ ಎಂಟಕ್ಕ
ನದಾಫ ಟೇಲರ್ ಅರ್ಧ ಶೆಟರ್ ಇಳಿಸಿದ ಮ್ಯಾಲೆ
ನಮ್ಮ ಸಮಿತಿ ಕೂಡತೈತಿ.
ನಾಕು ಮಂದಿ, ಮೂರು ಸ್ಟೂಲು.
ತಡಾ ಮಾಡಿ ಬಂದವರು ಇಸ್ತ್ರಿ ಟೇಬಲ್ಲಿಗೆ ಆತು ನಿಲ್ಲಬೇಕು.
ನಾನು ಕಾರ್ಯದರ್ಶಿ, ಯಾಕಂದ್ರ ನನ್ನ ಅಕ್ಷರ ಚಂದ;
ಗದಗಿನ ಪ್ರೆಸ್ಸಿನಾಗ ಮೂವತ್ತು ವರ್ಷ
ಮಂದಿ ಮಾತಿಗೆ ಮೊಳಿ ಜೋಡಿಸಿದಾಂವ.

ಕಾಲೇಜಿನ ಕಾಯ್ದೆ ಸಣ್ಣದು:
ಐದು ಕಿಲೋಮೀಟರಿನೊಳಗ ಮನಿ ಇದ್ದವರು ಸ್ಥಳೀಕರು.
ಸ್ಥಳೀಕರಿಗೆ ಹಾಸ್ಟೆಲ್ ಇಲ್ಲ, ಬಸ್ಸಿಲ್ಲ,
ಸಂಜಿ ಆರರ ಮ್ಯಾಲೆ ಲೈಬ್ರರಿ ದೀಪಾನೂ ಇಲ್ಲ.
ಊರಾಗ ಹುಟ್ಟಿದ್ದಕ್ಕ ದಂಡ.

ಬೆಟಗೇರಿ ನೇಕಾರ ಓಣಿ ಸಹನಾ ಐಲಿ ಬಂದು ನಿಂತಾಗ
ಅಕಿ ಚಪ್ಪಲಿ ಹಿಮ್ಮಡ ಸವದದ್ದು
ಮೊದಲು ಕಂಡಾಂವ ನದಾಫ.
ಹಂಗಾರ ಅಳದ ಬಿಡೂಣು, ಅಂದ.
ಅಳತಿ ಅವನ ಕಸುಬು.

ರವಿವಾರ ನಸುಕಿನ್ಯಾಗ ಮೂವತ್ತು ಮೀಟರಿನ ಟೇಪು,
ಒಂದು ತುದಿ ಅವಗ, ಒಂದು ತುದಿ ನನಗ,
ಸುಲೋಚನಾಬಾಯಿ ಬಾಕಳೆ ಟೀಚರ್ ಕೈಯಾಗ ಸುಣ್ಣದ ಗಡಿಗಿ,
ಟೇಪಿಗೊಂದು ಗೆರಿ.
ರಸ್ತೆ ಅಗಲ ಮಾಡ್ತಾರಂತ ಹೆದರಿ
ಒಬ್ಬಾಕಿ ನೀರಿನ ಡ್ರಮ್ಮು ಒಳಗ ಎಳಕೊಂಡ್ಳು.
ರೈಲ್ವೆ ಗೇಟಿನಾಗ ಗೂಡ್ಸ್ ಗಾಡಿ.
ಟೇಪು ನೆಲಕ್ಕಿಟ್ಟು ಚಾ ಕುಡದ್ವಿ.
ಇನ್ನೊಂದು ಚಾ ಕುಡದ್ವಿ.

ಕಾಲೇಜು ಮುಟ್ಟಿದಾಗ ನೂರಾ ಅರವತ್ತಾರು ಟೇಪು.
ನಾಕು ಸಾವಿರದ ಒಂಬೈನೂರ ಎಂಬತ್ತು.
ಇಪ್ಪತ್ತು ಮೀಟರ್ ಕಡಿಮಿ.

ಕಂಪೌಂಡರ್ ಗುರುಬಸಯ್ಯ ಮೆಲ್ಲಕ ಅಂದ:
ಒಂದ ಟೇಪು ಹೆಚ್ಚಿಗಿ ಬರದ್ರ ಯಾರ್ ನೋಡ್ತಾರ?
ನನ್ನ ಪೆನ್ನು ಆ ಅಂಕಿ ಮ್ಯಾಲೆ ನಿಂತದ್ದು ಖರೆ.
ಇದು ಠರಾವಿನಾಗ ಇಲ್ಲ.

‘ಬ್ಯಾಡ್ರಿ ಕಾಕಾ,’ ಅಂದ್ಳು ಹುಡುಗಿ.
‘ಆದ್ರ ಹೊಸ್ತಲದಿಂದ ಯಾಕ ಹಿಡದ್ರಿ?
ನಾ ದಿನಾ ಹೊರಡೂದು ಮಗ್ಗದ ಕುಣಿಯಿಂದ.’

ತಿರುಗಿ ಹೋದ್ವಿ.
ಅವರವ್ವ ಲಾಳಿ ನಿಲ್ಲಿಸಿ, ಕಾಲು ಮಡಚಿ,
ಟೇಪಿಗೆ ಹಾದಿ ಕೊಟ್ಲು.
ಕುಣಿಯಿಂದ ಹೊಸ್ತಲಕ್ಕ ಹನ್ನೊಂದು ಮೀಟರ್.
ಇನ್ನೂ ಒಂಬತ್ತು ಉಳದ್ವು.

ನದಾಫ ಟೇಪು ಸುತ್ತಿಕೋತ ಅಂದ:
ಅರಿವಿ ಕಡಿಮಿ ಬಿದ್ರ ತುಂಡು ಹಚ್ಚತೇವಿ,
ಇದಕ್ಕೇನು ಹಚ್ಚೂದು?

ಇದ್ದಿದ್ದ ಬರದ್ವಿ.
ಒಂಬತ್ತು ಮೀಟರ್ ಕಡಿಮಿ ಐತ್ರಿ ಸಾಹೇಬ್ರ,
ಗೇಟು ಹಾಕಿದಾಗ ಕಾಯೋದು ಇದರಾಗ ಹಿಡದಿಲ್ಲ.
ರಾತ್ರಿ ಹೆಣ್ಣುಡುಗಿ ಒಬ್ಬಾಕೆ ನಡದ್ರ
ಒಂದು ಮೀಟರ್ ಎಷ್ಟುದ್ದ ಆಕ್ಕೈತಿ,
ನಿಮ್ಮ ಟೇಪಿನಾಗ ನೀವ ನೋಡ್ರಿ.
ಸಹಿ ಮಾಡುವಾಗ ಟೀಚರ್ ಬೆರಳಿನ ಸುಣ್ಣ
ಕಾಗದದ ಮೂಲಿಗೆ ಹತ್ತಿತು. ಒರಸಲಿಲ್ಲ.

ಉತ್ತರ ಬಂದಿಲ್ಲ.
ಓಣಿ ಹುಡುಗರು ನಮ್ಮ ಗೆರಿಯಿಂದ ಗೆರಿಗೆ
ಓಟದ ಪಂದ್ಯ ಹಚ್ಚಾವ.
ನದಾಫ ನಾಕನೇ ಸ್ಟೂಲು ತಂದಾನ, ಸಹನಾಗಂತ.
ನಾನು ಇನ್ನೂ ಇಸ್ತ್ರಿ ಟೇಬಲ್ಲಿಗೆ ಆತು
ನಿಂತ ಬರೀತೇನಿ.