ಚಾವಣಿಯ ಕಲೆ

ಮಳೆ ಅಂತ ಹೇಳುವ ಹಾಗಿರಲಿಲ್ಲ. ಏಪ್ರಿಲ್ ಹತ್ತು,
ಬಿ.ಎಚ್. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಮಧ್ಯಾಹ್ನ,
ತುಂಗೆಯ ನಡುವೆ ಬಂಡೆಗಳು ಬೆನ್ನು ಕಾಯಿಸುತ್ತ ಮಲಗಿದ್ದವು.
ಹೊಲಿಗೆ ಮಿಷನ್ನಿಗೆ ಸರಿಯಾಗಿ ಮೇಲೆ, ಚಾವಣಿ
ಒಂದು ರೂಪಾಯಿಯಗಲ ಬೆವರಿತ್ತು.

ಕತ್ತೆತ್ತಿ ನೋಡಿದೆ. ಬಾಯಲ್ಲಿ ಗುಂಡುಸೂಜಿ ಇದ್ದದ್ದರಿಂದ
ಏನೂ ಅನ್ನಲಿಲ್ಲ.

ಮೇಲೆ ಅವರ ಬಚ್ಚಲು.
ಭಾಗವಾಗಿ ಆರು ವರ್ಷ. ಮೇಲಿನದು ಅವರಿಗೆ, ಕೆಳಗಿನದು ನಮಗೆ,
ಮೆಟ್ಟಿಲು ಇಬ್ಬರಿಗೂ, ಮಾತು ಯಾರಿಗೂ ಇಲ್ಲ.
ಪಾಲುಪತ್ರದಲ್ಲಿ ಮಾವನ ಕತ್ತರಿ ಇತ್ತು, ಗುಂಡಿಯ ಡಬ್ಬಿಯೂ ಇತ್ತು,
ಗೋಡೆಯೊಳಗಿನ ಕೊಳಾಯಿ ಯಾರದೆಂದು
ಬರೆಸಲು ಯಾರಿಗೂ ಹೊಳೆಯಲಿಲ್ಲ.

ಸ್ಟೂಲು ಹತ್ತಿ ಕಲೆಯ ಸುತ್ತ ನೀಲಿ ಚಾಕಿನಲ್ಲಿ ಗೆರೆ ಎಳೆದೆ,
ಪಕ್ಕದಲ್ಲಿ ತಾರೀಖು.
ಹದಿನೇಳಕ್ಕೆ ಇನ್ನೊಂದು ಸುತ್ತು. ಇಪ್ಪತ್ನಾಲ್ಕಕ್ಕೆ ಮತ್ತೊಂದು.
ಯೂನಿಫಾರಂ ಅಳತೆಗೆ ಬರುವ ಮಕ್ಕಳ ಹಾಗೆ
ನೋಡಿದಾಗೆಲ್ಲ ಎರಡಿಂಚು ಜಾಸ್ತಿ.
ಮೇ ಮೊದಲ ವಾರ ಅದಕ್ಕೊಂದು ತೋಳು ಬಂತು, ಆಮೇಲೆ ಕತ್ತು.
ವಾರಗಿತ್ತಿ ಇಂದಿರಾಬಾಯಿಯ ಅಳತೆ ನನಗೆ ಬಾಯಿಪಾಠ,
ಎದೆ ಮೂವತ್ತೆಂಟು, ಉದ್ದ ಹದಿನಾಲ್ಕೂವರೆ;
ಅವಳದೇ ರವಿಕೆ ಅನ್ನಿಸಿತು.
ಬೇಕಂತಲೇ ನೀರು ಬಿಡ್ತಾಳೆ, ಅಂದೆ ಇವರಿಗೆ.
ಇವರು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು.

ಗಾರೆ ಹಕ್ಕಳೆ ಹಕ್ಕಳೆಯಾಗಿ ಎದ್ದಿತು.
ಮದುವೆ ಮನೆಯವರ ಕೆನೆ ಬಣ್ಣದ ರೇಷ್ಮೆ ಕಣದ ಮೇಲೆ
ಒಂದು ಹನಿ ಬಿತ್ತು, ತುಕ್ಕಿನ ಬಣ್ಣದ್ದು.
ನಿಂಬೆಹಣ್ಣು, ಉಪ್ಪು, ಬಿಸಿಲು. ಹೋಗಲಿಲ್ಲ.
ಹೊಸದು ನಾನೇ ತಂದುಕೊಟ್ಟೆ, ನಾನೂರ ಎಂಬತ್ತು.
ಆವತ್ತು ಪೊರಕೆಯ ಹಿಡಿಯಿಂದ ಚಾವಣಿಗೆ ಮೂರು ಸಲ ಗುದ್ದಿದೆ.
ಮೇಲೆ ಒಂದು ಕೊಡ ಉರುಳಿದ ಸದ್ದು. ಉತ್ತರವೋ ಏನೋ.

ದಸ್ತಗೀರ್ ಸಾಬರು ಬಂದರು, ಸೈಕಲ್ಲಿಗೆ ಪಾನಾ ಕಟ್ಟಿಕೊಂಡು.
ಮೆಟ್ಟಿಲು ಹತ್ತಿದರು, ಇಳಿದರು.
"ಮೇಲಿನ ಅಮ್ಮ ಕೇಳ್ತಾರೆ, ಮಿಷನ್ನು ನೆನೆದಿಲ್ಲ ತಾನೆ ಅಂತ."
ನೆನೆದಿಲ್ಲ ಅಂತ ಹೇಳಿ.
"ನೀವು ಗುದ್ದಿದ ದಿನದಿಂದ ಬಚ್ಚಲು ಮುಟ್ಟಿಲ್ಲವಂತೆ,
ತಾರಸಿ ಮೇಲೆ ತಗಡಿನ ಮರೆ ಕಟ್ಟಿಕೊಂಡು ಸ್ನಾನ."
ನಾನು ಮಿಷನ್ನಿನ ಚಕ್ರ ತಿರುಗಿಸಿದೆ. ಸೂಜಿಯಲ್ಲಿ ದಾರ ಇರಲಿಲ್ಲ.

ಸಾಬರು ಗೋಡೆಗೆ ಕಿವಿಯಿಟ್ಟು ನಿಂತರು,
ಬಸುರಿಯ ಹೊಟ್ಟೆಗೆ ಕಿವಿಗೊಟ್ಟ ಸೂಲಗಿತ್ತಿಯ ಹಾಗೆ.
"ಮೋಟಾರು ಹಾಕಿ." ಹಾಕಿದೆ. "ಆರಿಸಿ." ಆರಿಸಿದೆ.
ಉಳಿಯ ನಾಲ್ಕನೇ ಪೆಟ್ಟಿಗೆ ಇಟ್ಟಿಗೆ ಬಿರಿದು ಕೊಳಾಯಿ ಕಂಡಿತು.

ಅವರ ಬಚ್ಚಲಿನದಲ್ಲ.
ನಮ್ಮ ಸಂಪಿನಿಂದ, ನಮ್ಮ ಮೋಟಾರಿನಿಂದ
ಟ್ಯಾಂಕಿಗೆ ಏರುವ ನಮ್ಮದೇ ಕೊಳಾಯಿ.
ಜಾಯಿಂಟಿಗೆ ಸುತ್ತಿದ್ದು ಸಣಬೂ ಅಲ್ಲ,
ಪೊಲೀಸ್ ಷರ್ಟಿನ ಖಾಕಿ ತುಂಡು, ಮಡಿಸಿ ಹೊಲಿದದ್ದು,
ಇಂಚಿಗೆ ಹನ್ನೆರಡು ಹೊಲಿಗೆ. ಮಾವನ ಕೈ.
ಎಂದೋ ಯಾರಿಗೂ ಹೇಳದೆ ತೇಪೆ ಹಾಕಿ
ಮೇಲೆ ಗಾರೆ ಎಳೆದುಬಿಟ್ಟಿದ್ದಾರೆ.

ನೀರಿಗೆ ಪಾಲುಪತ್ರ ಓದಲು ಬರುವುದಿಲ್ಲ.

"ಮೇಲೆ ಏನು ಹೇಳಲಿ?" ಕೇಳಿದರು ಸಾಬರು.
ನಾನೇ ಹತ್ತಿದೆ. ಹದಿನೇಳು ಮೆಟ್ಟಿಲು, ಎಣಿಸುತ್ತ.
ಬಾಗಿಲು ತೆರೆದಿತ್ತು. ಅವಳು ಅಕ್ಕಿ ಆರಿಸುತ್ತಿದ್ದಳು.
ಬಚ್ಚಲು ಬಳಸಬಹುದು, ಅಂದೆ.
ಹೂಂ, ಅಂದಳು, ಮೊರದಿಂದ ಕಣ್ಣೆತ್ತದೆ.
ಕಂಕುಳ ಹತ್ತಿರ ರವಿಕೆ ಪಿಸಿದಿತ್ತು.
ಯಾರೋ ಬೇರೆ ಟೈಲರು. ಮೂವತ್ತೆಂಟಲ್ಲ ಈಗ, ನಲವತ್ತು ಬೇಕು.
ನೋಡಿದೆ. ಹೇಳಲಿಲ್ಲ.

ಗಾರೆ ಒಣಗಲು ತಿಂಗಳು ಹಿಡಿಯುತ್ತದಂತೆ, ಸುಣ್ಣ ಆಮೇಲೆ.
ಅಲ್ಲಿಯತನಕ ಬಟ್ಟೆ ತರುವವರೆಲ್ಲ ಕತ್ತೆತ್ತಿ ಕೇಳುತ್ತಾರೆ
ಏನದು, ಗೆರೆಯ ಮೇಲೆ ಗೆರೆ, ತಾರೀಖು ಬೇರೆ.
ಎಲ್ಲ ನನ್ನದೇ ಕೈಬರಹ.