ಬೀಗದ ಕೈ

ಕೌಲ್ ಬಜಾರಿನ ಗಲ್ಲಿಯಲ್ಲಿ ತಗಡಿನ ಸೂರು,
ಕೆಳಗೆ ಹದಿನಾಲ್ಕು ಮಷಿನ್ನು, ಒಂದು ಕಟಿಂಗ್ ಟೇಬಲ್ಲು,
ಜೀನ್ಸಿನ ಸೊಂಟಪಟ್ಟಿಗೆ ನಾನೇ ಇಟ್ಟ ಹೆಸರು.
ಬೀಗದ ಕೈ ನನ್ನ ಉಡಿದಾರದಲ್ಲಿ.

ಶಟರ್ ಎತ್ತುವವನು ನಾನು, ಇಳಿಸುವವನು ನಾನು.
ಥಾನು ಅಳೆಯುವವನು, ದಾರದ ಕೋನು ಎಣಿಸುವವನು,
ಗುಂಡಿ ಡಬ್ಬಿಗೂ ಬೀಗ ಹಾಕಿದವನು.
ಚಹಾಕ್ಕೆ ಹೋದರೂ ಒಂದು ಕಿವಿ ಅಲ್ಲೇ ಬಿಟ್ಟು ಹೋಗುತ್ತಿದ್ದೆ:
ಯಾವ ಮಷಿನ್ನು ನಿಂತಿತು, ಯಾರು ನಕ್ಕರು, ಯಾಕೆ ನಕ್ಕರು.
ಹೆಂಡತಿ ಅನ್ನುತ್ತಿದ್ದಳು,
'ಹದಿನೆಂಟು ಮಂದಿ ಅದಾರ ಅಂತೀರಿ,
ನನಗ ಕಾಣೋದು ಒಬ್ಬನಽ. ಅವನಿಗೂ ನಿದ್ದಿಲ್ಲ.'

ಸೋಲಾಪುರದ ಸೇಠನಿಗೆ ಸಾವಿರದ ಇನ್ನೂರು ಪೀಸು,
ಹದಿನೈದು ದಿನದ ವಾಯಿದೆ. ಹೊಸ ಮಿಲ್ಲಿನ ಬಟ್ಟೆ,
ಮೀಟರಿಗೆ ಒಂಬತ್ತು ರೂಪಾಯಿ ಅಗ್ಗ.
ಚೌಕಾಸಿ ಮಾಡಿ ತಂದವನು, ಮತ್ತೆ, ನಾನೇ.
ಥಾನು ಇಳಿದ ರಾತ್ರಿಯೇ ಹೊಟ್ಟೆಯ ಬಲಗಡೆ
ಯಾರೋ ಕತ್ತರಿ ಆಡಿಸಿದ ಹಾಗೆ.

ದೊಡ್ಡಾಸ್ಪತ್ರೆಯಲ್ಲಿ ಸಿಸ್ಟರಮ್ಮ ಉಡಿದಾರ ಕತ್ತರಿಸಿದಳು.
ಬೀಗದ ಕೈ ಠಣ್ಣೆಂದು ನೆಲಕ್ಕೆ ಬಿತ್ತು.
ಆಟೋದಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ
ಕಟಿಂಗ್ ಮಾಸ್ತರ ಹೊನ್ನೂರ್‌ಸಾಬ್
ಬಗ್ಗಿ ಎತ್ತಿ, ಕರವಸ್ತ್ರದಲ್ಲಿ ಗಂಟು ಹಾಕಿಕೊಂಡ.
ಬೇಡ ಅನ್ನುವಷ್ಟರಲ್ಲಿ ನನ್ನನ್ನು ಒಳಗೆ ತಳ್ಳಿದ್ದರು.

ನಾಲ್ಕನೆಯ ದಿನ ಫೋನು ಕೈಗೆ ಬಂತು.
'ಸುಂಕಮ್ಮ, ಎಷ್ಟಾತು?'
'ಒಂದೂ ಆಗಿಲ್ಲಣ್ಣ.'
'ಒಂದೂ?'
'ಕಟಿಂಗಽ ಹಿಡಿದಿಲ್ಲ. ಸಾಬಣ್ಣ ಬ್ಯಾಡ ಅಂದ.'

ಮೊಳ ಬಟ್ಟೆಯನ್ನು ಬಕೆಟ್ಟಿನ ಬಿಸಿನೀರಲ್ಲಿ ಅದ್ದಿ,
ಮಾಳಿಗೆಯ ಮೇಲೆ ಬಳ್ಳಾರಿ ಬಿಸಿಲಿಗೆ ಹರವಿ,
ಸಂಜೆಗೆ ಅಳೆದರಂತೆ. ಎರಡು ಬೆರಳು ಕುಗ್ಗಿತ್ತು.
ನಮ್ಮ ಪ್ಯಾಟರ್ನು ಹಳೆ ಮಿಲ್ಲಿನ ಬಟ್ಟೆಯ ಲೆಕ್ಕದ್ದು.
ಹಾಗೇ ಕತ್ತರಿಸಿದ್ದರೆ ಒಂದೇ ಒಗೆತಕ್ಕೆ
ಸಾವಿರದ ಇನ್ನೂರು ಪ್ಯಾಂಟು ಹಿಮ್ಮಡಿ ಬಿಟ್ಟು ಮೇಲೇರುತ್ತಿದ್ದವು.
ಗುಲ್ಜಾರ್‌ಬೀ, ದಾರದ ತುದಿ ಕತ್ತರಿಸುವ ಗುಲ್ಜಾರ್‌ಬೀ,
ಸೇಠನಿಗೆ ತಾನೇ ಫೋನು ಮಾಡಿ ಎಂಟು ದಿನ ಕೇಳಿದ್ದಳು.
ಪೀಸಿಗೆ ಹತ್ತು ರೂಪಾಯಿ ಬಿಟ್ಟುಕೊಟ್ಟಿದ್ದಳು.
ನನ್ನ ಹತ್ತು ರೂಪಾಯಿ!

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ.
ಹೊಟ್ಟೆಯ ಹೊಲಿಗೆ ಎಳೆಯಿತು. ಸುಮ್ಮನಾದೆ.

ಏಳು ಹೊಲಿಗೆ.
ಹಾಕಿದವರು ಯಾರೆಂದು ಕೇಳಿರಲಿಲ್ಲ ನಾನು.
ದಾರ ಯಾವ ನಂಬರಿನದು, ಇಂಚಿಗೆ ಎಷ್ಟು,
ತುದಿಗೆ ಬಾರ್‌ಟ್ಯಾಕ್ ಹೊಡೆದಿದ್ದಾರೋ ಇಲ್ಲವೋ,
ಏನೂ ಕೇಳದೆ ಕಣ್ಣು ಮುಚ್ಚಿ ಕೊಟ್ಟಿದ್ದೆ, ಮೈಯನ್ನೇ.
ಇವರಿಗೆ ಹನ್ನೊಂದು ವರ್ಷ
ಗುಂಡಿ ಡಬ್ಬಿ ಕೊಟ್ಟಿರಲಿಲ್ಲ.

ಹೊನ್ನೂರ್‌ಸಾಬ್ ಎಳನೀರು ಹಿಡಿದು ಬಂದ.
'ಥಾನು ಇಳಿದಾಗಽ ನನಗ ಅನುಮಾನ ಇತ್ತಣ್ಣ.'
'ಮತ್ತ ಅವತ್ತ ಯಾಕ ಹೇಳಲಿಲ್ಲ?'
ಸ್ಟ್ರಾ ಸರಿಮಾಡುತ್ತ ಅಂದ,
'ನೀವು ಕೇಳಲಿಲ್ಲ.'

ವಾಪಸು ಹೋದಾಗ ಶಟರ್ ತೆರೆದಿತ್ತು.
ಯಾರೂ ಎದ್ದು ನಿಲ್ಲಲಿಲ್ಲ; ಕಾಲುಗಳು ಪೆಡಲಿನ ಮೇಲಿದ್ದವು.
ಬಾರ್‌ಟ್ಯಾಕಿನ ಹುಡುಗ ಗಾದಿಲಿಂಗ ಕಣ್ಣಲ್ಲೇ ಸ್ಟೂಲು ತೋರಿಸಿದ.
ಕೂತೆ. ಎರಡು ತಾಸು ನನಗೆ ಕೆಲಸವಿರಲಿಲ್ಲ.
ಕ್ಯಾಲೆಂಡರಿನ ಮೊಳೆಗೆ ತೂಗುತ್ತಿತ್ತು ಅದು,
ಫ್ಯಾನಿನ ಗಾಳಿಗೆ ಸಣ್ಣಗೆ ಅಲ್ಲಾಡುತ್ತ.
ಬೀಗಕ್ಕೂ ಒಂದು ಕೈ ಇದೆ ನಮ್ಮ ಮಾತಿನಲ್ಲಿ.
ಅದೊಂದನ್ನೇ ಕೈ ಅಂದುಕೊಂಡಿದ್ದೆ.

ಬ್ರೂಸ್‌ಪೇಟೆಗೆ ಹೋಗಿ ಮೂರು ನಕಲು ಮಾಡಿಸಿದೆ.
ಹೋದ ಹನ್ನೆರಡು ಸಾವಿರವನ್ನು ಯಾವ ಬಾಬ್ತಿಗೆ ಬರೆಯಲಿ ಎಂದು
ಖಾತೆಪುಸ್ತಕ ತೆರೆದು ಬಹಳ ಹೊತ್ತು ಕೂತೆ.
'ಕೇಳದೆ ಇದ್ದದ್ದಕ್ಕೆ' ಎಂದು ಬರೆದೆ.

ಈಗಲೂ ನಡುರಾತ್ರಿ ಎಚ್ಚರಾದರೆ
ಕೈ ಸೊಂಟಕ್ಕೆ ಹೋಗುತ್ತದೆ, ಹಳೇ ಚಾಳಿ.
ಬೆರಳಿಗೆ ಸಿಗುವುದು
ಯಾರೋ ಹಾಕಿದ ಹೊಲಿಗೆಯ ಗುರುತು.
ಎಣಿಸುವುದಿಲ್ಲ.
ಮಗ್ಗಲು ಬದಲಿಸುತ್ತೇನೆ.